ದಲ್ಲಾಳಿಗೆ ತನ್ನ ಮನೆ ತೋರಿಸಲು ಬರುವುದಿಲ್ಲ

ಮಾನ್ಯ ಅಧ್ಯಕ್ಷರಾದ ಓಂಕಾರಮೂರ್ತಿಯವರೇ, ವೇದಿಕೆಯ ಮೇಲಿರುವ ಹಿರಿಯರೇ, ನಾಳೆಯಿಂದ ಪಾಠಕ್ಕೆ ಕೂರಲಿರುವ ತರುಣ ಮಿತ್ರರೇ, ಹಿಂದಿನ ಸಾಲಿನಲ್ಲಿ ಕೂತು ಆಗಲೇ ನಗುತ್ತಿರುವ ಚಿಕ್ಕಬೀರಪ್ಪನವರೇ, ಮತ್ತು ಸಭಿಕರೇ,

ನಾನು ಮಾತುಗಾರನಲ್ಲ. ದಲ್ಲಾಳಿಯೊಬ್ಬ ಹೀಗೆ ಹೇಳಿದರೆ ಯಾರೂ ನಂಬುವುದಿಲ್ಲ, ಆದರೂ ಹೇಳಿಬಿಟ್ಟಿದ್ದೇನೆ. ಲೋಯರ್ ಸೆಕೆಂಡರಿವರೆಗೆ ಓದಿದವನು. ಅದಕ್ಕೇ ಹೇಳಬೇಕಾದ್ದನ್ನು ಹಾಳೆಯ ಮೇಲೆ ಬರೆದುಕೊಂಡು ಬಂದಿದ್ದೇನೆ. ನಡುವೆ ಹಾಳೆ ಬಿಟ್ಟು ಆಚೀಚೆ ಹೋದರೆ ಕ್ಷಮಿಸಬೇಕು.

ಕಡೂರು ಮತ್ತು ತರೀಕೆರೆ ತಾಲ್ಲೂಕುಗಳ ಮನೆ ಜಮೀನು ದಲ್ಲಾಳಿಗಳ ಸಂಘದವರು ಹದಿನೈದು ದಿನದ ತರಬೇತಿ ಏರ್ಪಡಿಸಿದ್ದಾರೆ. ನಮ್ಮ ಕಸುಬಿಗೆ ಇಂಥದ್ದು ಇದೇ ಮೊದಲು. ನನಗೆ ಕೊಟ್ಟಿರುವ ವಿಷಯ, ದಲ್ಲಾಳಿಗೆ ತರಬೇತಿ ಏಕೆ ಬೇಕು ಎಂಬುದು. ಈ ವಿಷಯದ ಮೇಲೆ ಮಾತಾಡಲು ನನಗೆ ಯೋಗ್ಯತೆ ಇದೆಯೇ? ಇದನ್ನು ನೀವು ಕೇಳುವ ಮೊದಲು ನಾನೇ ಕೇಳಿಕೊಂಡಿದ್ದೇನೆ. ಯಾಕೆಂದರೆ ತರೀಕೆರೆಯಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ಸಂಗತಿ ಇದೆ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿರುವ ನನ್ನ ಸ್ವಂತ ಮನೆ ಯುಗಾದಿಯಿಂದ ಮಾರಾಟಕ್ಕಿದೆ. ಊರಿನವರ ಮನೆಗಳನ್ನೆಲ್ಲ ಮಾರಿಸಿಕೊಟ್ಟ ನನಗೆ ಅದೊಂದನ್ನು ಮಾರಲು ಆಗುತ್ತಿಲ್ಲ.

ಮಾರದೆ ವಿಧಿಯಿಲ್ಲ. ಬೀರೂರಿನಲ್ಲಿರುವ ನನ್ನ ಮಗಳು ಮಲ್ಲಿಕಾಂಬ, 'ಅಪ್ಪ, ಒಬ್ನೇ ಅನ್ನ ಬೇಯಿಸ್ಕೊಂಡು ಎಷ್ಟು ದಿನ ಇರ್ತೀಯ, ಶ್ರಾವಣದೊಳಗೆ ಬರದಿದ್ರೆ ನಾನೇ ಬಂದು ಬೀಗ ಜಡಿದು ಕರ್ಕೊಂಡ್ ಹೋಗ್ತೀನಿ' ಎಂದು ಹೇಳಿ ಹೋಗಿದ್ದಾಳೆ. ಬೀಗ ಜಡಿದ ಮನೆ ಏನಾಗುತ್ತದೆ ಎಂದು ಈ ಸಭೆಗೆ ನಾನು ಹೇಳಬೇಕೆ? ಎರಡು ಮಳೆಗಾಲ ಕಳೆಯುವುದರೊಳಗೆ ಮಾಡು ಕೂರುತ್ತದೆ. ಒಲೆ ಹಚ್ಚುವವರ ಕೈಗೆ ಆ ಮನೆಯನ್ನು ಕೊಟ್ಟು ಹೋಗಬೇಕು. ಅದು ಇವತ್ತು ಇಲ್ಲಿ ಒಂದು ದಾರಿಗೆ ಬರಲಿ ಎಂಬ ಆಸೆ ಇಟ್ಟುಕೊಂಡೇ ಕಡೂರಿಗೆ ಬಂದಿದ್ದೇನೆ. ಸ್ವಂತ ಕೆಲಸ ಇಟ್ಟುಕೊಂಡು ಭಾಷಣಕ್ಕೆ ಬರುವವರಲ್ಲಿ ನಾನೇ ಮೊದಲನೆಯವನಲ್ಲ, ಕೊನೆಯವನೂ ಆಗಲಾರೆ.

ಹೋದ ವಾರ ಅಜ್ಜಂಪುರ ಸ್ಟೇಷನ್ನಿನಲ್ಲಿ ಚಿಕ್ಕಬೀರಪ್ಪನವರು ಸಿಕ್ಕಿದ್ದರು. ನಮ್ಮ ಕಸುಬಿನಲ್ಲಿ ಅವರು ನನಗಿಂತ ಹಿರಿಯರು. 'ಲೇ ತೀರ್ಥಪ್ಪ, ದಲ್ಲಾಳಿಗೂ ಇಸ್ಕೂಲಂತೆ. ನಂಗ್ಯಾರು ಕಲಿಸಿದ್ರೋ? ನಾಲಿಗೆ ಕೊಟ್ಟ ದೇವರೇ ಮೇಷ್ಟ್ರು' ಎಂದರು. ದೇವರು ಅವರಿಗೆ ಧಾರಾಳವಾಗಿಯೇ ಕೊಟ್ಟಿದ್ದಾನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾಲಿಗೆ ಸಾಲದವರು ಏನು ಮಾಡಬೇಕು? ನನ್ನಂಥವರು ಏನು ಮಾಡಬೇಕು? ನನಗೆ ಕಲಿಸಿದವರು ಬೇರೆ ಇದ್ದರು. ನಮ್ಮ ಮನೆಯವರು, ವಿಶಾಲಾಕ್ಷಮ್ಮ.

ನಾನು ತರೀಕೆರೆಯ ಒಂದು ಮಂಡಿಯಲ್ಲಿ ಗುಮಾಸ್ತನಾಗಿದ್ದೆ. ಐವತ್ತಮೂರನೇ ಇಸವಿಯಲ್ಲಿ ಮಂಡಿ ಮುಚ್ಚಿತು. ಬೇರೇನೂ ತೋಚದೆ ಈ ಕೆಲಸಕ್ಕೆ ಇಳಿದೆ. ಮೊದಲು ಕೆಲವು ತಿಂಗಳು ನಾನು ತೋರಿಸಿದ ಮನೆಯನ್ನು ಯಾರೂ ಕೊಳ್ಳಲಿಲ್ಲ. ಬಂದವರು ನೋಡುತ್ತಿದ್ದರು, ತಲೆ ಆಡಿಸುತ್ತಿದ್ದರು, ಬಸ್ಸು ಹತ್ತುತ್ತಿದ್ದರು. ಒಂದು ಮಧ್ಯಾಹ್ನ ನಾನು ಜಗಲಿಯ ಮೇಲೆ ಸುಮ್ಮನೆ ಕೂತಿದ್ದಾಗ ಅವಳು ಮೊರ ಪಕ್ಕಕ್ಕಿಟ್ಟು, 'ಅಲ್ಲಾ ರೀ, ಮನೆ ತೋರಿಸ್ವಾಗ ನೀವು ಏನಂತ ಹೇಳ್ತೀರಿ? ನಂಗೊಂದ್ ಸಲ ತೋರ್ಸಿ ನೋಡಾಣ' ಎಂದಳು.

'ಯಾವ ಮನೆ ತೋರಿಸ್ಲಿ ನಿಂಗೆ?'

'ಇದೇ ಮನೆ. ನಾನು ಸಖರಾಯಪಟ್ಟಣದ ಸಾಹುಕಾರ್ತಿ. ಗಂಡ ಹಿಂದೆ ಬತ್ತಾ ಇದಾನೆ ಅಂದ್ಕೊಳ್ಳಿ.'

ಹೀಗೆಂದು ಸೆರಗು ಹೊದ್ದು ಬೀದಿಗೆ ಇಳಿದು, ತಿರುಗಿ ಮೆಟ್ಟಿಲು ಹತ್ತಿ ಬಂದಳು. ನನ್ನ ಮನೆಗೇ ಅವಳನ್ನು 'ಬನ್ನಿ ತಾಯಿ' ಎಂದು ಕರೆಯಬೇಕಾಯಿತು. ಗತ್ತು ನೋಡಬೇಕಿತ್ತು ನೀವು. ಕಂಬ ತಟ್ಟಿದಳು. ನಿನ್ನೆ ತಾನೇ ಸಾರಿಸಿದ ನೆಲವನ್ನು ಕಾಲಿನಲ್ಲಿ ತಿಕ್ಕಿ ಮುಖ ಸಿಂಡರಿಸಿದಳು. ಅಡುಗೆಮನೆಯ ಬಾಗಿಲಲ್ಲಿ ನಿಂತಳು.

'ಏನ್ರೀ ದಲ್ಲಾಳಿಗಳೇ, ಈ ಅಡಿಗೆಮನೆ ಕತ್ತಲೆ ಅಲ್ವಾ?'

'ಕತ್ತಲೆ ಎಲ್ ಬಂತಮ್ಮ, ತಂಪು. ಬೇಸಿಗೇಲಿ ಒಲೆ ಮುಂದೆ ಕೂತ್ರೂ ಬೆವರು ಬರಲ್ಲ.'

'ಸುಳ್ಳು ಹೇಳ್ತೀರಿ ಕಣ್ರೀ. ದಿನಾ ನಾನು ಇದರೊಳಗೆ ಬೇಯ್ತಾ ಇಲ್ವಾ?'

'ಲೇ, ನೀನು ಗಿರಾಕಿ. ನಿಂಗ್ ಹೆಂಗ್ ಗೊತ್ತಾಗುತ್ತೆ?'

'ಗಿರಾಕಿಗೆ ಗೊತ್ತಾಗಲ್ಲ ಅಂತ ಅಂದ್ಕೊಂಡಿದೀರಲ್ಲ, ಅದಕ್ಕೇ ಯಾರೂ ತಗೊಳ್ತಿಲ್ಲ ನಿಮ್ಮ ಹತ್ರ.'

ಸಭಿಕರೇ, ಅದು ನನ್ನ ಮೊದಲ ಪಾಠ. ಕತ್ತಲೆ ಇದ್ದರೆ 'ಹೌದು ತಾಯಿ, ಕತ್ತಲೆ' ಅನ್ನಬೇಕು, ಅಂದು ಸುಮ್ಮನೆ ನಿಲ್ಲಬೇಕು. ಈ ಸುಮ್ಮನೆ ನಿಲ್ಲುವುದು ಬಲು ಕಷ್ಟದ ಕೆಲಸ, ಚಿಕ್ಕಬೀರಪ್ಪನವರು ಬೇಕಾದರೆ ಈಗಲೇ ಪ್ರಯತ್ನಿಸಿ ನೋಡಬಹುದು. ಸುಮ್ಮನೆ ನಿಂತರೆ ಏನಾಗುತ್ತದೆ? ಬಂದ ಹೆಂಗಸು ತಾನೇ ಮಾಡಿನ ಕಡೆ ನೋಡುತ್ತಾಳೆ. 'ಇಲ್ಲೊಂದು ಗಾಜಿನ ಹೆಂಚು ಹಾಕಿಸಿದ್ರೆ ಆಗುತ್ತೆ ಬಿಡಿ' ಅನ್ನುತ್ತಾಳೆ. ಹಾಗೆಂದ ಕ್ಷಣದಲ್ಲೇ ಅವಳು ಆ ಮನೆಯೊಳಗೆ ಸಂಸಾರ ಹೂಡಿ ಆಯಿತು. 'ಬದುಕು ಮಾಡೋಳು ಅವಳು, ಉಪಾಯ ಅವಳಿಗೇ ಹೊಳೀಲಿ, ನೀವ್ಯಾಕೆ ನಡುವೆ ಬಾಯಿ ಹಾಕ್ತೀರಿ' ಎನ್ನುತ್ತಿದ್ದಳು ವಿಶಾಲಾಕ್ಷಿ.

ಅಲ್ಲಿಂದ ಮುಂದೆ ಇದು ನಮ್ಮ ಮನೆಯಲ್ಲಿ ವಾಡಿಕೆಯಾಯಿತು. ನಾಳೆ ಯಾರಿಗಾದರೂ ಮನೆ ತೋರಿಸುವುದಿದ್ದರೆ ಇವತ್ತು ಅವಳಿಗೆ ನಮ್ಮ ಮನೆ ತೋರಿಸಬೇಕು. ಒಂದು ದಿನ ಲಿಂಗದಹಳ್ಳಿಯ ಮುದುಕಿ, ಇನ್ನೊಂದು ದಿನ ಅಮಲ್ದಾರರ ಹೆಂಡತಿ. ಬಾಣಂತಿ ಮಗಳನ್ನು ಎಲ್ಲಿ ಮಲಗಿಸಲಿ, ಅತ್ತೆ ಹಾಸಿಗೆ ಎಲ್ಲಿ ಹಾಸಲಿ, ಮಳೆ ಹಿಡಿದರೆ ಬಟ್ಟೆ ಎಲ್ಲಿ ಹರವಲಿ, ಹೀಗೆ ಕೇಳುವಳು. ಗಂಡಸರು ಕೇಳುವುದು ಗೋಡೆ ಎಷ್ಟು ದಪ್ಪ ಎಂದು. ಆ ಮನೆಯಲ್ಲಿ ಇಡೀ ದಿನ ಇರುವವರು ಕೇಳುವುದು ಇವನ್ನು. ಪಕ್ಕದ ಮನೆ ದುರ್ಗಮ್ಮ ಒಂದು ಸಲ ಗೋಡೆಯ ಮೇಲಿಂದ ಇಣುಕಿ, 'ಏನೇ ವಿಶಾಲಾಕ್ಷಿ, ಮನೆ ಮಾರ್ತಿದೀರೇನೇ?' ಎಂದರು. 'ಹೂಂ ಕಣೇ, ಎರಡು ದಿನಕ್ಕೊಂದ್ ಸಲ ಮಾರ್ತೀವಿ. ಗಿರಾಕಿಗಿನ್ನೂ ಒಪ್ಪಿಗೆ ಆಗಿಲ್ಲ' ಎಂದಳು ಇವಳು.

ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದ ಮೇಲೆ, ಆ ಅಡುಗೆಮನೆಗೆ ಗಾಜಿನ ಹೆಂಚು ಹಾಕಿಸೋಣ ಎಂದೆ. ಬೇಡ ಎಂದಳು. 'ಅದೂ ಸರಿಹೋದ್ರೆ ನಿಮಗೆ ಪಾಠ ಹೇಳೋದು ಹೆಂಗೆ?' ಎಂದಳು.

ಹಾಳೆಯಲ್ಲಿ ಇದು ಇಲ್ಲ. ಕ್ಷಮಿಸಿ.

ಬೇಳೆಯ ವಿಷಯ ಹೇಳಬೇಕು. ನನ್ನನ್ನು ಬೇಳೆ ತೀರ್ಥಪ್ಪ ಎಂದು ಕರೆಯುವುದು ನಿಮಗೆಲ್ಲ ಗೊತ್ತು, ಯಾಕೆಂದು ತರುಣರಿಗೆ ಗೊತ್ತಿರಲಾರದು. ಸಖರಾಯಪಟ್ಟಣದ ತೆಂಗಿನಕಾಯಿ ವ್ಯಾಪಾರದ ಕಲ್ಲೇಶಪ್ಪನವರು ಮಗನ ಹತ್ತಿ ವ್ಯಾಪಾರಕ್ಕೆಂದು ಅಜ್ಜಂಪುರದಲ್ಲಿ ಮನೆ ಹುಡುಕುತ್ತಿದ್ದರು. ಒಳ್ಳೆಯ ಮನೆಯೇ ಸಿಕ್ಕಿತು. ಸಾಗವಾನಿ ಬಾಗಿಲು, ಹಿತ್ತಿಲಲ್ಲಿ ಬಾವಿ, ಬಾವಿಯ ತುಂಬ ನೀರು. ಆ ಊರಿನಲ್ಲಿ ಚಿಕ್ಕಮ್ಮನ ಮನೆಯಿದೆ ಎಂದು ವಿಶಾಲಾಕ್ಷಿಯೂ ನನ್ನ ಜೊತೆ ಬಂದಿದ್ದಳು. ಕಲ್ಲೇಶಪ್ಪನವರಿಗೆ ಮನೆ ಒಪ್ಪಿಗೆಯಾಯಿತು. ವೀಳ್ಯ ಬದಲಾಯಿಸಿದರೆ ಮಾತು ಮುಗಿದಂತೆ. ತಟ್ಟೆ ತರಿಸಿದರು. ಅಷ್ಟರಲ್ಲಿ ಇವಳು ಹೊಸ್ತಿಲಲ್ಲಿ ನಿಂತು, 'ರೀ, ಒಂದ್ ಚೂರು ತಡೀರಿ' ಎಂದಳು.

ಕೈಯಲ್ಲಿ ಒಂದು ಬಟ್ಟಲು. ಅದರಲ್ಲಿ ತೊಗರಿಬೇಳೆ. ಕಲ್ಲೇಶಪ್ಪನವರ ಮುಂದಿಟ್ಟು, 'ಈ ಬಾವಿ ನೀರಲ್ಲಿ ಬೇಯಿಸಿದ್ದು, ಹಿಸುಕಿ ನೋಡಿ ಅಣ್ಣಾ' ಎಂದಳು. ಅವರು ಹಿಸುಕಿದರು. ಬೇಳೆ ಉಗುರಿಗೆ ಜಾರಿ ನನ್ನ ಮಡಿಲಿಗೆ ಬಂದು ಬಿತ್ತು. 'ಚಿಕ್ಕಮ್ಮನ ಒಲೇಲಿ ಇದ್ದ ಸೌದೆ ಎಲ್ಲಾ ಉರ್ಸಿದೀನಿ, ಬೇಯಲೇ ಇಲ್ಲ. ಸವಳು ನೀರು.' ಮನೆ ಮಾರುವವರು ಸಿಟ್ಟಿನಿಂದ ಎದ್ದು ನಿಂತರು. 'ಏನ್ರೀ ತೀರ್ಥಪ್ಪ, ವ್ಯಾಪಾರ ಕುದುರಿಸೋಕೆ ಬಂದ್ರೋ ಕೆಡಿಸೋಕೆ ಬಂದ್ರೋ?' ನನಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು.

ಕಲ್ಲೇಶಪ್ಪನವರು ಮಾತ್ರ ಸಾವಧಾನವಾಗಿ, 'ಸಿಹಿನೀರು ಎಲ್ಲಿ ಸಿಗುತ್ತೆ ತಂಗಿ?' ಎಂದರು. 'ಮಠದ ಬಾವೀಲಿ. ಮೂರು ಮನೆ ಆಚೆ. ಇದು ಆ ನೀರಲ್ಲಿ ಬೆಂದದ್ದು' ಎಂದು ಇವಳು ಸೆರಗಿನ ಮರೆಯಿಂದ ಇನ್ನೊಂದು ಬಟ್ಟಲು ತೆಗೆದಳು. ಅದು ಬೆಣ್ಣೆಯಂತೆ ಬೆಂದಿತ್ತು. ಅವರು ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡಿ ನಕ್ಕುಬಿಟ್ಟರು. ಮನೆಯನ್ನು ಬಿಡಲಿಲ್ಲ, ಅದನ್ನೇ ಕೊಂಡರು. ತಿಳಿದು ಕೊಂಡರು, ಅಷ್ಟೇ ವ್ಯತ್ಯಾಸ. ತಿಳಿಯದೆ ಕೊಂಡಿದ್ದರೆ ಏನಾಗುತ್ತಿತ್ತು? ಗೃಹಪ್ರವೇಶದ ದಿನ ಬಂಧುಬಳಗ ಎಲೆ ಮುಂದೆ ಕೂತಿರುತ್ತಿತ್ತು, ಒಳಗೆ ಬೇಳೆ ಕಲ್ಲಿನಂತೆ ಕುದಿಯುತ್ತಿರುತ್ತಿತ್ತು, ಹೊರಗೆ ಎಲ್ಲರೂ ನನ್ನ ಹೆಸರು ಹಿಡಿದು ಕೇಳುತ್ತಿದ್ದರು. ಅವತ್ತಿನಿಂದ ನಾನು ಯಾವ ಮನೆ ತೋರಿಸುವ ಮೊದಲೂ ಅದರ ಬಾವಿಯ ನೀರಿನಲ್ಲಿ ಹಿಡಿ ಬೇಳೆ ಬೇಯಿಸಿ ನೋಡುತ್ತೇನೆ. ಆಮೇಲೆ ಈ ಕಡೆ ಭದ್ರಾ ನಾಲೆ ಬಂತು, ದೂರದೂರದಿಂದ ಗಿರಾಕಿಗಳು ಬಂದರು. ಅವರು ಬಸ್ಸಿಳಿದು ಬೇಳೆ ದಲ್ಲಾಳಿ ಮನೆ ಎಲ್ಲಿ ಎಂದು ಕೇಳುವಂತಾಯಿತು.

ಈ ಹದಿನೈದು ದಿನದಲ್ಲಿ ನಿಮಗೆ ಚಕ್ಕುಬಂದಿ ಓದುವುದನ್ನು, ಎಂದರೆ ಜಾಗದ ನಾಲ್ಕು ಎಲ್ಲೆ ಗುರುತಿಸುವುದನ್ನು, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು ಹೇಳಿಕೊಡುತ್ತಾರೆ. ಖಾತೆ, ಪಹಣಿ, ಹಳೆಯ ಸಾಲದ ಶೋಧನೆ, ಎಲ್ಲವನ್ನೂ ಕಲಿಯಿರಿ. ಅದು ಬರದಿದ್ದರೆ ಯಾರದೋ ಸಂಸಾರ ಬೀದಿಗೆ ಬೀಳುತ್ತದೆ. ಅದರ ಜೊತೆಗೆ ಒಬ್ಬರನ್ನೊಬ್ಬರು ಗಿರಾಕಿ ಮಾಡಿಕೊಂಡು ಅಭ್ಯಾಸ ಮಾಡಿ. ಮನೆಯಲ್ಲಿ ಹೆಂಡತಿಯೋ ಅಕ್ಕನೋ ಇದ್ದರೆ ಅವರಿಗೆ ತೋರಿಸಿ. ಅವರು ಬಯ್ಯುತ್ತಾರೆ. ಬಯ್ಯಿಸಿಕೊಳ್ಳಿ.

ಈಗ ನನ್ನ ಮನೆಯ ಮಾತು. ಕಳೆದ ಪುಷ್ಯದಲ್ಲಿ ವಿಶಾಲಾಕ್ಷಮ್ಮ ಲಿಂಗೈಕ್ಯರಾದರು. ಜ್ವರ ಅಂದರು, ಆಸ್ಪತ್ರೆಗೆ ಹೋದೆವು, ಅವರಿಲ್ಲದೆ ಮನೆಗೆ ಬಂದೆವು. ಅದರ ಬಗ್ಗೆ ಹೆಚ್ಚು ಬರೆದುಕೊಂಡಿಲ್ಲ.

ಯುಗಾದಿ ಕಳೆದ ಮೇಲೆ ಲಿಂಗದಹಳ್ಳಿಯಿಂದ ವರ್ಗವಾಗಿ ಬಂದ ಹೊನ್ನಯ್ಯ ಮೇಷ್ಟ್ರು ಹೆಂಡತಿಯ ಜೊತೆ ಮನೆ ನೋಡಲು ಬಂದರು. ಒಳ್ಳೆಯ ಜನ. ಆ ತಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತು, 'ಸ್ವಲ್ಪ ಕತ್ತಲೆ ಅಲ್ವೇನ್ರೀ?' ಎಂದರು. ಹದಿಮೂರು ವರ್ಷ ಪಾಠ ಹೇಳಿಸಿಕೊಂಡವನು ನಾನು. ಏನೆಂದೆ ಗೊತ್ತೇ? 'ಕತ್ತಲೆ ಏನಿಲ್ಲ. ಇಲ್ಲೇ ಕೂತು ನಮ್ಮ ಮನೆಯವಳು ಅಕ್ಕಿಯಲ್ಲಿ ಒಂದು ಕಲ್ಲು ಬಿಡದೆ ಆರಿಸ್ತಿದ್ಳು. ಕಾಣ್ದಿದ್ರೆ ನಿಮ್ಮ ಕಣ್ಣಿಗೆ ಔಷಧಿ ಹಾಕಿಸ್ಕೊಳಿ' ಎಂದೆ. ನಗುತ್ತಿದ್ದೀರಿ, ನಗಿ. ಮೇಷ್ಟ್ರು ಕೈಮುಗಿದು ಹೊರಟುಹೋದರು. ಇನ್ನೊಬ್ಬರು ಬಂದು ಜಗಲಿ ಒಡೆಸಿ ಅಂಗಡಿ ಮಾಡುತ್ತೇವೆ ಎಂದರು. ಅವರಿಗೆ ಮನೆ ಮಾರಾಟಕ್ಕೇ ಇಲ್ಲ ಎಂದು ಹೇಳಿ ಕಳಿಸಿದೆ. ಬೇರೆಯವರ ಮನೆಯಾಗಿದ್ದರೆ ಮಾಲೀಕನನ್ನು ಹೋಟೆಲಿಗೆ ಕಾಫಿಗೆ ಕಳಿಸಿ ಆಮೇಲೆ ಮನೆ ತೋರಿಸುತ್ತಿದ್ದೆ. ನನ್ನನ್ನು ನಾನೇ ಎಲ್ಲಿಗೆ ಕಳಿಸಲಿ?

ಇವತ್ತು ನನಗೆ ಒಬ್ಬ ದಲ್ಲಾಳಿ ಬೇಕಾಗಿದ್ದಾನೆ. ಕಲಿತ ದಲ್ಲಾಳಿ. ನನ್ನ ಮನೆಯನ್ನು ಮನೆಯಾಗಿ ನೋಡಬಲ್ಲವನು. ತರಬೇತಿ ಏಕೆ ಬೇಕು ಎಂಬ ಪ್ರಶ್ನೆಗೆ ಇದಕ್ಕಿಂತ ದೊಡ್ಡ ಉತ್ತರ ನನ್ನ ಹತ್ತಿರ ಇಲ್ಲ.

ಆದ್ದರಿಂದ ಅಧ್ಯಕ್ಷರಲ್ಲಿ ಒಂದು ಅರಿಕೆ. ಮನೆಯ ಬೀಗದ ಕೈ ತಂದಿದ್ದೇನೆ. ಇಗೋ, ತಮ್ಮ ಮೇಜಿನ ಮೇಲೆ ಇಡುತ್ತಿದ್ದೇನೆ. ಈ ತರುಣರ ಮೊದಲ ಅಭ್ಯಾಸ ಆ ಮನೆಯಲ್ಲಿ ನಡೆಯಲಿ. ಮಳೆ ಜೋರಾದರೆ ಬೀದಿಯ ನೀರು ಮೆಟ್ಟಿಲವರೆಗೆ ಬರುತ್ತದೆ. ಪಡುವಣ ಗೋಡೆ ಆಷಾಢದಲ್ಲಿ ಒದ್ದೆಯಾಗುತ್ತದೆ. ಹಿತ್ತಿಲ ಬಾಗಿಲು ಗಿಡ್ಡ, ತಲೆಗೆ ಬಡಿಯುತ್ತದೆ. ಇದನ್ನು ನಾನು ಇಲ್ಲಿ, ಕಡೂರಿನಲ್ಲಿ ನಿಂತು ಹೇಳಬಲ್ಲೆ. ಅಲ್ಲಿ ನಿಂತು ಹೇಳಲಾರೆ. ಸೋಮವಾರದ ರೈಲಿಗೆ ನಾನು ಬೀರೂರಿಗೆ ಹೊರಡುತ್ತೇನೆ. ಮೊದಲು ಹೊನ್ನಯ್ಯ ಮೇಷ್ಟ್ರನ್ನೇ ಕೇಳಿ, ಅವರ ಮನೆಯವರಲ್ಲಿ ನಾನು ಕ್ಷಮೆ ಕೇಳಿದೆ ಎಂದು ತಿಳಿಸಿ. ಯಾರು ಒಪ್ಪಿದರೂ ನಾನು ಬಂದು ಸಹಿ ಹಾಕುತ್ತೇನೆ, ಎದುರಾಡುವುದಿಲ್ಲ.

ಒಂದೇ ಒಂದು ಉಪಕಾರ ಮಾಡಿ. ಮನೆ ನೋಡಲು ಬಂದ ಹೆಂಗಸರು ಅದರಲ್ಲಿ ಏನೇನು ಕೊರತೆ ತೆಗೆದರು ಎಂಬುದನ್ನು ಬೀರೂರಿಗೆ ಬಂದಾಗ ನನಗೆ ಹೇಳಿಹೋಗಿ. ಒಂದನ್ನೂ ಬಿಡದೆ ಹೇಳಿ. ಪುಷ್ಯದಿಂದ ಈಚೆಗೆ ಆ ಮನೆಯ ವಿಷಯದಲ್ಲಿ ನನ್ನ ಜೊತೆ ಜಗಳವಾಡುವವರು ಯಾರೂ ಇಲ್ಲ.

ಇಷ್ಟು ಹೊತ್ತು ಎದ್ದುಹೋಗದೆ ಕೇಳಿದ್ದೀರಿ, ನಿಮ್ಮೆಲ್ಲರ ಉಪಕಾರ ದೊಡ್ಡದು. ಕರೆದು ಮಾತಾಡಿಸಿದ ಸಂಘಕ್ಕೂ, ನಾಳೆಯಿಂದ ಕಲಿಯಲಿರುವ ಮಕ್ಕಳಿಗೂ ಒಳ್ಳೆಯದಾಗಲಿ. ನಮಸ್ಕಾರ.