ಜಾಸ್ಮಿನಳ ಹೆಸರು ಕೂಗಬೇಡಿ

ಡಂಬಳದ ಬಸ್ ನಿಲ್ದಾಣದಲ್ಲಿ ಕಾಂಚನಾ ಮುಂಡರಗಿಯ ಬಸ್ಸಿಗೆ ಕಾಯುತ್ತಿದ್ದಳು. ಪಕ್ಕದಲ್ಲಿ ಗದಗಿಗೆ ಹೊರಟ ಇಡೀ ಒಂದು ಓಣಿಯೇ ನೆರೆದಿತ್ತು. ನಡುವೆ ಕುಳಿತ ಜಾಸ್ಮಿನಳ ಅಂಗಿಯ ಮೇಲೆ 'ಬೌದ್ಧಿಕ ವಿಶೇಷಚೇತನರ ಕ್ರೀಡಾಕೂಟ' ಎಂದಿತ್ತು. ಅವಳ ತಾಯಿ ರಸೂಲಬಿ, ನೆರೆಮನೆಯ ಚನ್ನಬಸವಣ್ಣನಿಗೆ ಹೇಳಿ ಹೇಳಿ ಸುಸ್ತಾಗಿದ್ದಳು. ಕಾಂಚನಾ ಬೇಡವೆಂದರೂ ಮಾತು ಕಿವಿಗೆ ಬೀಳುತ್ತಿತ್ತು.

"ಅಣ್ಣಾ, ಈ ಸಲ ಯಾರೂ ನನ್ನ ಮಗಳ ಹೆಸರು ಹಿಡದು ಕೂಗಬ್ಯಾಡ್ರಿ."

"ಕೂಗದ ಇದ್ರ ನಾವು ಬರೋದ್ಯಾಕ, ರಸೂಲಬಿ?"

"ಹ್ವಾದ ವರ್ಷ ಏನಾತು? ಓಟದಾಗ ಎಲ್ಲಾರಕಿಂತ ಮುಂದಿದ್ಲು. ನೀವು ಕೂಗಿದ್ರಿ, ಇಕಿ ನಿಂತು ನಿಮಗ ಕೈ ಬೀಸಿದ್ಲು. ಉಳದವರು ದಾಟಿ ಹ್ವಾದ್ರು."

"ಪ್ರೀತಿಲೆ ಕೂಗಿದ್ವಿ."

"ಪ್ರೀತಿ ಖರೆ ಐತಿ. ಆ ಪ್ರೀತಿಗೇ ಸೋತು ಬಂದ್ಲಲ್ಲ!"

"ಆತು, ಈ ಸಲ ಸಣ್ಣಗ ಕೂಗ್ತೀವಿ."

"ಯಾ ಅಲ್ಲಾ! ನಿಮ್ಮ ದನಿಗೆ ಮಾಗಡಿ ಕೆರಿ ಹಕ್ಕಿ ಎಲ್ಲಾ ಹಾರಿ ಹೋಗ್ತಾವ. ಸಣ್ಣಗ ಅಂತ!"

"ಮತ್ತ ಬಾಯಿ ಹೊಲಕೊಂಡು ನಿಂದ್ರೂಣೇನು?"

ಬೂಟಿನ ದಾರ ಬಿಗಿಯುತ್ತಿದ್ದ ಜಾಸ್ಮಿನ ತಲೆಯೆತ್ತಿದಳು.

"ಕಾಕಾ, ಓಟ ಮುಗಿಯೋ ಗೆರಿ ಆಚೆ ನಿಂತು ಕೂಗ್ರಿ. ನಾ ನಿಮ್ಮ ಹಂತೇಕ ಓಡಿ ಬರ್ತೀನಿ."

ಅಷ್ಟರಲ್ಲಿ ಗದಗಿನ ಬಸ್ಸು ಬಂತು.

"ಕೇಳಿದ್ರಿಲ್ಲೋ? ಹತ್ತ್ರಿ ಜಲ್ದಿ!" ಎಂದು ರಸೂಲಬಿ ಎಲ್ಲರನ್ನೂ ಒಳಗೆ ನೂಕಿದಳು.

ಬಸ್ಸು ತಿರುವಿಗೆ ಬರುವ ಮೊದಲೇ ಅದರ ಕಿಟಕಿಗಳಿಂದ "ಜಾಸ್ಮಿನಾ!" ಎಂಬ ಕೂಗೆದ್ದಿತು. ಅದರ ಬೆನ್ನಿಗೇ ರಸೂಲಬಿಯ ದನಿಯೂ ಕಾಂಚನಾಳಿಗೆ ಕೇಳಿಸಿತು.

"ಇಲ್ಲಿ ಅಲ್ರೋ, ಗದಗಿನ್ಯಾಗ!"