ಬೆಕ್ಕಿಗೆ ಮೈಲಿಗೆ ಇಲ್ಲ

ಎದ್ದು ಬೇರೆ ಬೆಂಚಿಗೆ ಹೋಗಲೇ, ಅನ್ಯರ ಮನೆಯ ಮಾತು ನನಗೇಕೆ? ಕೊಪ್ಪದ ಬಸ್ ನಿಲ್ದಾಣದಲ್ಲಿ ಹೀಗೆ ಅನುಮಾನಿಸುತ್ತಲೇ ಕೂತಿದ್ದೆ. ಪಕ್ಕದಲ್ಲಿ ಶೃಂಗೇರಿಯ ಮನೆ ಮಾಲೀಕರೊಬ್ಬರು, ಪುರುಷೋತ್ತಮ ಭಟ್ಟರು. ಅವರ ಬಾಡಿಗೆ ಮನೆಯಲ್ಲಿರುವ ಶ್ವೇತ, ಅವಳ ಕಿವಿ ಕೇಳದ ತಾಯಿ ಸುಮಿತ್ರಮ್ಮ.

"ನಿಮ್ಮ ಆ ನಾಯೀನ ಎಲ್ಲಾದ್ರೂ ಬಿಟ್ಟು ಬಾ ಅಂದಿದ್ದೆ. ನಿನ್ನೆ ಮತ್ತೆ ನನ್ನ ಮಡಿಪಂಚೆ ಮುಟ್ಟಿದೆ."

"ಬಟ್ಟೆ ಒಣಹಾಕೋ ಹಗ್ಗ ಎತ್ತರಕ್ಕೆ ಕಟ್ಟಿ ಭಟ್ರೇ."

"ಬರುವಾಗಲೇ ಹೇಳಿದ್ದೆ, ಪ್ರಾಣಿ ಸಾಕಬಾರ್ದು ಅಂತ."

"ನಿಮ್ಮ ಬೆಕ್ಕು ದೇವರ ಮನೇಲೇ ಮಲಗ್ತದಲ್ಲ."

"ಬೆಕ್ಕಿಗೆ ಮೈಲಿಗೆ ಇಲ್ಲ ಮಾರಾಯ್ತಿ."

"ಕುಕ್ಕರ್ ಕೂಗಿದ್ರೆ ನಿಮ್ಮ ಬೆಕ್ಕು ಬಂದು ಅಮ್ಮನ ಸೆರಗು ಎಳೀತದಾ? ಬಾಗಿಲು ಬಡಿದ್ರೆ ಕರೀತದಾ? ನಾನು ಕೆಲಸಕ್ಕೆ ಹೋದ್ಮೇಲೆ ಅಮ್ಮಂಗೆ ಬೇರೆ ಯಾರಿದ್ದಾರೆ?"

"ಹಾಗಾದ್ರೆ ಬೇರೆ ಮನೆ ನೋಡ್ಬೇಕು ಅಂತ ಅಮ್ಮಂಗೆ ಹೇಳು."

"ನಾನು ಹೇಳಲ್ಲ. ನೀವೇ ಹೇಳಿ. ತುಟಿ ನೋಡಿದ್ರೆ ಅವರಿಗೆ ಗೊತ್ತಾಗ್ತದೆ."

ಶ್ವೇತ ತಾಯಿಯ ಭುಜ ಮುಟ್ಟಿದಳು. ಸುಮಿತ್ರಮ್ಮ ತಿರುಗಿ ಭಟ್ಟರ ಬಾಯಿಯನ್ನೇ ನೋಡುತ್ತ ಕೂತರು. ಭಟ್ಟರು ಹೆಗಲ ಶಾಲು ಸರಿಮಾಡಿಕೊಂಡರು. ಅಷ್ಟರಲ್ಲಿ ಶೃಂಗೇರಿ ಬಸ್ಸು ಒಳಗೆ ಬಂತು.

"ಬಸ್ಸು ಬಂತು, ಹತ್ತಿ" ಎಂದರು ಭಟ್ಟರು, ಸುಮಿತ್ರಮ್ಮನಿಗೆ ತಿಳಿಯುವಂತೆ ನಿಧಾನವಾಗಿ.

ಮೂವರೂ ಹತ್ತಿದರು. ಮನೆ ಬಿಡಿ ಎಂದು ಭಟ್ಟರು ಹೇಳಲೇ ಇಲ್ಲ.