ಪಿಕಪ್ಪಿನ ಕಟಕಟ ಸದ್ದು

ಕುಶಾಲನಗರದ ಗ್ಯಾರೇಜಿನಲ್ಲಿ ತನ್ನ ಸ್ಕೂಟರಿಗಾಗಿ ಕಾಯುತ್ತಿದ್ದ ಸುಮಿತಾಳ ಕಿವಿ, ದೊಡ್ಡ ಸ್ಪ್ರಿಂಗ್ ಹಾಕಿಸಿ ಎತ್ತರಿಸಿದ ಪಿಕಪ್ಪಿನ ಪಕ್ಕ ನಡೆದಿದ್ದ ಮಾತಿನತ್ತ ಹೊರಳಿತು.

“ದೇವರಾಜಣ್ಣ, ಮುಂದಿನ ಚಕ್ರದ ಬಾಲ್ ಜಾಯಿಂಟ್ ಎರಡೂ ಹೊಸದು ಹಾಕಿದೀನಿ,” ಎಂದ ಮೆಕ್ಯಾನಿಕ್ ಚಂದ್ರು. “ಗಾಡಿ ಇಷ್ಟೆತ್ತರ ಇದ್ರೆ ಇವೂ ಬೇಗ ಸವೀತವೆ. ಇಳಿಸಿಬಿಡಣ.”

“ಬೇಡ. ಮಗ ಆಸೆಪಟ್ಟು ಎತ್ತರಿಸಿದ್ದು, ಹಂಗೇ ಇರ್ಲಿ. ಕಟಕಟ ಸದ್ದು ಹೋಯ್ತಲ್ಲ?”

“ಪೂರ್ತಿ ಹೋಯ್ತು. ನಿಮ್ಮ ನವೀನ ಆ ಸದ್ದಲ್ಲೇ ಓಡಿಸ್ತಿದ್ದ. ಮಾಡ್ಸೋ ಅಂದ್ರೆ ನಗೋನು.”

“ಅವನು ತೀರ್ಕೊಂಡ್ಮೇಲೂ, ತಿರುವಲ್ಲಿ ಆ ಸದ್ದು ಕೇಳಿದ್ರೆ ಅವರಮ್ಮ ತಟ್ಟೆ ಹಾಕಿ ಬಾಗಿಲಿಗೆ ಬರ್ತಾಳೆ. ನಾನು ಇಳಿಯೋದು ನೋಡಿ ಒಳಗೋಗ್ತಾಳೆ.”

ಚಂದ್ರು ಕೀ ಕೊಟ್ಟ.

ಗೇಟಿನ ಮುಂದಿನ ಹಂಪನ್ನು ಪಿಕಪ್ ಸದ್ದಿಲ್ಲದೆ ದಾಟಿತು. ದೇವರಾಜು ನಿಲ್ಲಿಸಿದರು. ಗಾಡಿಯನ್ನು ಹಿಂದಕ್ಕೆ ತಂದು, ಕಿಟಕಿಯಿಂದ ತಲೆ ಹೊರಹಾಕಿ ಕಿವಿಗೊಟ್ಟು, ಇನ್ನೊಮ್ಮೆ ದಾಟಿಸಿಕೊಂಡು ಹೊರಟುಹೋದರು.